ಮೇಜು, ಕುರ್ಚಿ, ಮನೆ

ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಕಳ್ಳನು ಚಾರುದತ್ತನ ಮನೆಗೆ ಕನ್ನವಿಟ್ಟು ಒಳಹೊಕ್ಕು ಸುತ್ತಲೂ ಕಣ್ಣಾಡಿಸುತ್ತಾನೆ. ಹಣದ ಪೆಟ್ಟಿಗೆ ಅವನ ಕಣ್ಣಿಗೆ ಬೀಳುವುದಿಲ್ಲ. ಮೃದಂಗ, ಪಣವ, ವೀಣೆ, ಕೊಳಲು, ಪುಸ್ತಕಗಳು ಕಾಣುತ್ತವೆ. ಇದು ನಾಟ್ಯಾಚಾರ್ಯನ ಮನೆಯಿರಬಹುದೇ ಎಂದು ಅವನು ಯೋಚಿಸುತ್ತಾನೆ; ಈತನು ನಿಜವಾಗಿಯೂ ಬಡವನೋ, ಅಥವಾ ಅರಸನಿಗೂ ಕಳ್ಳರಿಗೂ ಹೆದರಿ ಧನವನ್ನು ನೆಲದಲ್ಲಿ ಹೂತಿಟ್ಟಿರುವನೋ ಎಂದು ತರ್ಕಿಸುತ್ತಾನೆ. ಮನೆಯ ಯಜಮಾನನು ಆಗ ನಿದ್ರೆಯಲ್ಲಿದ್ದಾನೆ. ಅವನ ಬಾಯಿಂದ ಒಂದು ಮಾತೂ ಹೊರಟಿಲ್ಲ. ಹಾಗಿದ್ದರೂ ಅವನು ಎಂಥವನೆಂಬುದು ಕಳ್ಳನಿಗೆ ಬಹುಮಟ್ಟಿಗೆ ತಿಳಿದುಹೋಗಿದೆ. ಕೊಠಡಿಯೇ ಅದನ್ನು ಹೇಳಿಬಿಟ್ಟಿದೆ.

ನಮ್ಮ ಕಾಲದ ಶರ್ವಿಲಕನೊಬ್ಬನು ಈಗಿನ ಬಡಾವಣೆಗಳಲ್ಲಿ ಹತ್ತು ಮನೆಗಳನ್ನು ಒಂದೇ ರಾತ್ರಿ ಹೊಕ್ಕನೆಂದು ಭಾವಿಸೋಣ. ಅವನಿಗೆ ಏನು ಕಂಡೀತು? ಗೋಡೆಗೆ ಬೆನ್ನುಕೊಟ್ಟು ನಿಂತ ಒಂದು ಸೋಫಾ. ಅದರ ಮಕ್ಕಳಂತೆ ಇಕ್ಕೆಲದಲ್ಲಿ ಎರಡು ದಪ್ಪ ಕುರ್ಚಿಗಳು. ನಡುವೆ ಗಾಜಿನ ಮುಚ್ಚಳದ ಟೀಪಾಯಿ. ಎದುರಿಗೆ ದೂರದರ್ಶನದ ಪೆಟ್ಟಿಗೆ. ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಯಾರೂ ಎಂದೂ ಕುಡಿಯದ ಬಟ್ಟಲುಗಳು. ಹತ್ತು ಮನೆಗಳಲ್ಲಿಯೂ ಇವೇ. ಯಾವುದು ವಕೀಲರ ಮನೆ, ಯಾವುದು ಸಂಗೀತಗಾರರ ಮನೆ, ಯಾವುದರಲ್ಲಿ ಮಕ್ಕಳುಂಟು, ಯಾವುದರಲ್ಲಿ ಮುದುಕರುಂಟು ಎಂಬುದನ್ನು ಅವನು ಊಹಿಸಲಾರ. ಸಾಮಾನು ಎಷ್ಟು ಬೆಲೆಯದೆಂಬುದನ್ನು ಮಾತ್ರ ಊಹಿಸಿಯಾನು. ಮನೆಯವರು ತಮ್ಮ ವಿಷಯದಲ್ಲಿ ಲೋಕಕ್ಕೆ ತಿಳಿಸಬೇಕೆಂದಿದ್ದದ್ದು ಅಷ್ಟೇ ಆಗಿದ್ದರೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ಅನೇಕರಿಗೆ ಹಾಗೆ ಇರುವುದಿಲ್ಲ. ಅವರು ಬೇರೆ ದಾರಿಯನ್ನು ಕಾಣದೆ ಹಾಗೆ ಮಾಡಿರುತ್ತಾರೆ.

ಇದಕ್ಕೆ ಒಂದು ಕಾರಣವನ್ನು ನಾವು ಬಳಸುವ ಮಾತುಗಳಲ್ಲಿಯೇ ಹುಡುಕಬಹುದು. ಇಂಗ್ಲಿಷರು ‘ಫರ್ನಿಚರ್’ ಎನ್ನುವುದಕ್ಕೆ ನಮ್ಮಲ್ಲಿ ಹಳೆಯ ಮಾತೊಂದಿಲ್ಲ. ‘ಪೀಠೋಪಕರಣ’ವೆಂಬುದು ಪಂಡಿತರು ಕಟ್ಟಿದ ಮಾತು, ಅಡಿಗೆಮನೆಯಲ್ಲಿ ಅದನ್ನು ಆಡಿದರೆ ನಗುತ್ತಾರೆ. ಕುರ್ಚಿಯೆಂಬುದು ಅರಬ್ಬಿಯಿಂದ ಬಂದದ್ದು. ಮೇಜು ಪಾರಸಿಯ ಮಾತೆನ್ನುವವರುಂಟು, ಪೋರ್ಚುಗೀಸರದೆನ್ನುವವರೂ ಉಂಟು. ಅಲಮಾರು ನಿಸ್ಸಂದೇಹವಾಗಿ ಪೋರ್ಚುಗೀಸರದು. ಸೋಫಾ ಮತ್ತೆ ಅರಬ್ಬಿ. ಟೀಪಾಯಿಗೂ ಟೀ ಕುಡಿಯುವುದಕ್ಕೂ ಸಂಬಂಧವಿದೆಯೆಂದು ನಂಬಿರುವ ವಿದ್ಯಾವಂತರನ್ನು ನಾವು ಕಂಡಿದ್ದೇವೆ. ಅದು ಹಿಂದೂಸ್ತಾನಿಯ ತಿಪಾಯಿ, ಎಂದರೆ ಮೂರು ಕಾಲಿನದು, ಅಷ್ಟೆ. ಈಗ ಅದಕ್ಕೆ ನಾಲ್ಕು ಕಾಲುಗಳಿರುವುದು ಬೇರೆಯ ಮಾತು. ನಮ್ಮ ಹಿರಿಯರ ಮನೆಯಲ್ಲಿ ಬಹುಕಾಲದಿಂದ ಇದ್ದವು ಮಣೆ, ಮಂಚ, ತೊಟ್ಟಿಲು, ಉಯ್ಯಾಲೆ, ಚಾಪೆ, ಪೆಟ್ಟಿಗೆ—ಇಷ್ಟೇ.

ಇಷ್ಟರಲ್ಲಿ ಅವರು ಹೇಗೆ ಬಾಳಿದರೆಂದರೆ, ಮನೆಯ ಗೋಡೆ, ನೆಲ, ಕಂಬಗಳೇ ಅವರಿಗೆ ಪೀಠೋಪಕರಣಗಳಾಗಿದ್ದವು. ಜಗಲಿ ಕುಳಿತುಕೊಳ್ಳುವುದಕ್ಕಾಗಿ ಕಟ್ಟಿದ್ದು, ಕಂಬ ಒರಗುವುದಕ್ಕೆ, ಗೋಡೆಯ ಗೂಡು ದೀಪಕ್ಕೂ ಪುಸ್ತಕಕ್ಕೂ, ಗೂಟ ರುಮಾಲಿಗೆ, ತೊಲೆಯಿಂದ ಇಳಿಬಿದ್ದ ನೆಲವು ಹಾಲುಮೊಸರಿಗೆ, ಅಟ್ಟ ಉಳಿದೆಲ್ಲದಕ್ಕೆ. ತೊಟ್ಟಿಯ ಮನೆಯಲ್ಲಿ ಬೆಳಗಿನ ಬಿಸಿಲು ಒಂದು ಪಡಸಾಲೆಗೆ, ಸಂಜೆಯ ಬಿಸಿಲು ಇನ್ನೊಂದಕ್ಕೆ ಬೀಳುತ್ತಿತ್ತು. ಜನರು ಚಾಪೆಯನ್ನು ಸುರುಳಿಸುತ್ತಿಕೊಂಡು ನೆರಳಿನ ಹಿಂದೆ ಹೋಗುತ್ತಿದ್ದರು. ಊಟದ ಕೋಣೆಯೆಂಬುದು ಊಟವಾದ ಮೇಲೆ ಊಟದ ಕೋಣೆಯಾಗಿ ಉಳಿಯುತ್ತಿರಲಿಲ್ಲ. ಎಲೆಯೆತ್ತಿ ಗೋಮೆ ಬಳಿದರೆ ಅದೇ ಮಕ್ಕಳ ಪಾಠಶಾಲೆ, ರಾತ್ರಿಗೆ ಅದೇ ಮಲಗುವ ಮನೆ. ಕುರ್ಚಿ ಮೇಜುಗಳು ಬಂದಮೇಲೆ ಕೋಣೆಗಳಿಗೆ ಬೇರು ಬಿಟ್ಟಿತು; ಒಂದೊಂದಕ್ಕೆ ಒಂದೊಂದು ಕೆಲಸವೆಂದು ಗೊತ್ತಾಯಿತು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಕುರ್ಚಿಯು ನಮ್ಮವರಿಗೆ ಮೊದಲು ಪರಿಚಯವಾದದ್ದು ಬಹುಮಟ್ಟಿಗೆ ಕಚೇರಿಯಲ್ಲಿ. ಮನೆಗೆ ಅದನ್ನು ತಂದಾಗ ಅದು ಹೊರಗಿನಿಂದ ಬಂದ ಅಧಿಕಾರಿಗಾಗಿ ಮುಂದಿನ ಹಜಾರದಲ್ಲಿ ನಿಂತಿತು. ಮನೆಯವರು ಅದರ ಮೇಲೆ ಕೂರುತ್ತಿದ್ದದ್ದು ಕಡಿಮೆ. ಆ ಅಭ್ಯಾಸ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಅಮಲ್ದಾರರ ಸವಾರಿ ನಿಂತು ಎಷ್ಟೋ ಕಾಲವಾಗಿದ್ದರೂ ನಮ್ಮ ಹಜಾರಗಳು ಇಂದಿಗೂ ಅಮಲ್ದಾರರನ್ನು ಎದುರುನೋಡುತ್ತಿರುವಂತೆಯೇ ಕಾಣುತ್ತವೆ.

ಈ ತಪ್ಪನ್ನು ನಾವೂ ಮಾಡಿದವರೇ. ಹಳೆಯ ಊರಿನ ಮನೆಯನ್ನು ಮಾರಿ, ತಾಯಿಯವರನ್ನು ಕರೆದುಕೊಂಡು ಬಂದು ನಗರದಲ್ಲಿ ಸಂಸಾರ ಹೂಡಿದಾಗ, ಮೂರು ತಿಂಗಳ ಸಂಬಳವನ್ನು ಸುರಿದು ಒಂದು ಸೋಫಾ ಜೊತೆಯನ್ನು ಕೊಂಡೆವು. ಅಂಗಡಿಯಲ್ಲಿ ಅದು ಹೇಗೆ ನಿಂತಿತ್ತೋ ನಮ್ಮ ಹಜಾರದಲ್ಲಿಯೂ ಹಾಗೆಯೇ ನಿಲ್ಲಿಸಿದೆವು. ಹಜಾರ 10 ಅಡಿ ಅಗಲ, 12 ಅಡಿ ಉದ್ದ. ನಾವು ಓದಿಸುತ್ತಿದ್ದದ್ದು ಇಂಗ್ಲಿಷ್ ಸಾಹಿತ್ಯ; ಲೆಕ್ಕವನ್ನು ಆಮೇಲೆ ಮಾಡಿ ನೋಡಿದೆವು. ಸೋಫಾಕ್ಕೆ ಆರೂವರೆ ಅಡಿ ಉದ್ದ, 3 ಅಡಿ ಅಗಲ. ಕುರ್ಚಿಗಳು ಒಂದೊಂದೂ ಎರಡೂವರೆ ಅಡಿ ಚೌಕ. ಟೀಪಾಯಿ ಮೂರೂವರೆ ಅಡಿಗೆ 2 ಅಡಿ. ಒಟ್ಟು 39 ಚದರಡಿ; ಎಂದರೆ ನೆಲದ ಮೂರರಲ್ಲಿ ಹೆಚ್ಚು ಕಡಿಮೆ ಒಂದು ಪಾಲು. ಉಳಿದ ಎರಡು ಪಾಲು ಓಡಾಡುವ ದಾರಿಯಾಯಿತು. ಕುಳಿತುಕೊಳ್ಳುವ ನೆಲವೆಂಬುದು ಮನೆಯಿಂದ ಮಾಯವಾಯಿತು.

ನಮ್ಮ ತಾಯಿಯವರು ಸಣ್ಣ ಆಳು. ಕುರ್ಚಿಯ ಮೇಲೆ ಕುಳಿತರೆ ಅವರ ಪಾದ ನೆಲಕ್ಕೆ ತಾಕುತ್ತಿರಲಿಲ್ಲ. ಅಂಚಿನಲ್ಲಿ, ಬಂದ ನೆಂಟರು ಕೂರುವಂತೆ, ಸ್ವಲ್ಪ ಹೊತ್ತು ಕುಳಿತು ಏಳುತ್ತಿದ್ದರು. ಹಳೆಯ ಮನೆಯಲ್ಲಿ ನಡುಮನೆಯ ಕಂಬಕ್ಕೆ ಒರಗಿ ಮಣೆಯ ಮೇಲೆ ಕೂರುವುದು ಅವರ ಪದ್ಧತಿ. ಅಲ್ಲಿಂದ ಬೀದಿಬಾಗಿಲೂ ಕಾಣುತ್ತಿತ್ತು, ಒಲೆಯೂ ಕಾಣುತ್ತಿತ್ತು. ಹೊಸ ಮನೆಯಲ್ಲಿ ಅವರು ಕ್ರಮೇಣ ಹಿತ್ತಲ ಕಡೆಯ ಜಗಲಿಗೆ ಸರಿದರು. ಗಾಳಿಗಾಗಿ ಹೋಗುತ್ತಾರೆಂದು ನಾವು ಎಣಿಸಿದೆವು. ಒಂದು ದಿನ ಊರಿನಿಂದ ಅವರ ನೆರೆಮನೆಯ ಗೆಳತಿಯೊಬ್ಬರು ಬಂದರು. ಇಬ್ಬರೂ ಸೋಫಾದ ಮೇಲೆ ಪಕ್ಕಪಕ್ಕದಲ್ಲಿ, ಗೋಡೆಯನ್ನು ನೋಡುತ್ತ ಐದು ನಿಮಿಷ ಕುಳಿತರು, ಕ್ಷೇಮಸಮಾಚಾರ ಮುಗಿಯಿತು, ಮಾತು ನಿಂತಿತು. ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡಿ ಎದ್ದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಬಳಿ ನೆಲದ ಮೇಲೆ ಕುಳಿತು ದೀಪ ಹಚ್ಚುವ ಹೊತ್ತಿನವರೆಗೆ ಮಾತನಾಡಿದರು. ಅವರ ನಗು ಹಜಾರಕ್ಕೆ ಕೇಳಿಸುತ್ತಿತ್ತು. ಹಜಾರದಲ್ಲಿ ನಾವೂ ಮೂರು ತಿಂಗಳ ಸಂಬಳವೂ ಇದ್ದೆವು.

ಆ ಸಂಜೆಯಿಂದ ಈಚೆಗೆ ಈ ವಿಷಯವನ್ನು ನಾವು ಗಮನಿಸುತ್ತ ಬಂದಿದ್ದೇವೆ. ಮುಂದೆ ಹೇಳುವುದು ಹಾಗೆ ಗಮನಿಸಿದ್ದರ ಫಲ.

ಮೊದಲನೆಯದಾಗಿ, ಅಂಗಡಿಗೆ ಹೋಗುವ ಮುನ್ನ ಒಂದು ವಾರ ಮನೆಯವರನ್ನು ನೋಡಬೇಕು. ಬೆಳಗಿನ ಪತ್ರಿಕೆಯನ್ನು ಯಾರು ಎಲ್ಲಿ ಓದುತ್ತಾರೆ? ಹುಡುಗರು ಶಾಲೆಯಿಂದ ಬಂದೊಡನೆ ಚೀಲವನ್ನು ಎಲ್ಲಿ ಬಿಸಾಡುತ್ತಾರೆ? ಮನೆಯಾಕೆ ತರಕಾರಿ ಹೆಚ್ಚುವಾಗ ಎಲ್ಲಿ ಕೂರುತ್ತಾರೆ, ಯಾರೊಡನೆ ಮಾತನಾಡಬೇಕೆಂದು ಬಯಸುತ್ತಾರೆ? ಚೀಲ ಬೀಳುವ ಸ್ಥಳದಲ್ಲಿಯೇ ಒಂದು ಗೂಟವೋ ತಗ್ಗಿನ ಬೆಂಚೋ ಬೇಕಾದದ್ದು. ಇನ್ನೊಂದು ಮೂಲೆಯಲ್ಲಿ ಚೆಂದದ ಅಲಮಾರನ್ನು ನಿಲ್ಲಿಸಿ ಮಕ್ಕಳನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಮನೆಯವರ ರೂಢಿಗೆ ಸಾಮಾನು ಹೊಂದಿಕೊಂಡರೆ ಮನೆ ತಾನಾಗಿಯೇ ಅವರದಾಗುತ್ತದೆ. ಅದಕ್ಕೆ ಬೇರೆ ಅಲಂಕಾರವನ್ನು ಹುಡುಕಬೇಕಾಗಿಲ್ಲ. ಸೇವಾಗ್ರಾಮದಲ್ಲಿ ಗಾಂಧೀಜಿಯವರ ವಾಸಸ್ಥಾನವಾಗಿದ್ದ ಮಣ್ಣಿನ ಗುಡಿಸಲನ್ನು ನೋಡಿದವರಿಗೆ ಇದು ತಿಳಿದೇ ಇದೆ. ಅಲ್ಲಿರುವುದು ಚಾಪೆ, ತಗ್ಗಿನ ಬರೆಯುವ ಹಲಗೆ, ಇನ್ನು ಕೆಲವು ಸಣ್ಣ ವಸ್ತುಗಳು. ಆದರೂ ಆ ಕೊಠಡಿ ಇನ್ನಾರದೋ ಎಂದು ಯಾರೂ ಭ್ರಮಿಸಲಾರರು.

ಎರಡನೆಯದು ಅಳತೆ. ಕಣ್ಣಳತೆಯನ್ನು ನಂಬಬಾರದು, ಅಂಗಡಿಯ ವಿಶಾಲವಾದ ಮಾಳಿಗೆಯಲ್ಲಿ ಆನೆಯೂ ಆಡಿನಂತೆ ಕಾಣುತ್ತದೆ. ಒಂದು ಅಡಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ ಕೋಣೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕಿಟಕಿ ಎಲ್ಲಿದೆ ಎಂಬುದನ್ನು ಗುರುತಿಸಿ, ಅದೇ ಅಳತೆಯಲ್ಲಿ ಮಂಚ ಮೇಜುಗಳ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಸರಿಸಿ ನೋಡಬೇಕು. ರಟ್ಟನ್ನು ಸರಿಸುವುದು ಬೀರುವನ್ನು ಸರಿಸುವುದಕ್ಕಿಂತ ಸುಲಭ, ಸೊಂಟನೋವೂ ಬರುವುದಿಲ್ಲ. ಓಡಾಡುವ ಮುಖ್ಯ ದಾರಿಗೆ ಮೂರಡಿಯನ್ನಾದರೂ ಬಿಡಬೇಕು. ಕುರ್ಚಿಯ ಆಸನ ನೆಲದಿಂದ ಸಾಧಾರಣವಾಗಿ 17 ಅಥವಾ 18 ಅಂಗುಲ ಎತ್ತರವಿರುತ್ತದೆ. ಬರೆಯುವ ಮೇಜು 29 ಅಥವಾ 30 ಅಂಗುಲ. ಇವೆರಡರ ನಡುವಣ 12 ಅಂಗುಲದ ಅಂತರವೇ ಮುಖ್ಯ. ಅದು ಕೆಟ್ಟರೆ ಹೆಗಲು ನೋಯುತ್ತದೆ. ಆದರೆ ಈ ಅಂಕಿಗಳೆಲ್ಲ ಸಾಧಾರಣ ಮನುಷ್ಯನವು, ಮತ್ತು ಸಾಧಾರಣ ಮನುಷ್ಯನು ಯಾರ ಮನೆಯಲ್ಲಿಯೂ ವಾಸಿಸುವುದಿಲ್ಲ. ಕುಳಿತಾಗ ಪಾದವೆರಡೂ ನೆಲಕ್ಕೆ ಊರಬೇಕು, ಏಳುವಾಗ ಇನ್ನೊಬ್ಬರ ಕೈ ಬೇಕಾಗಬಾರದು. ಕೊಳ್ಳುವ ಕುರ್ಚಿಯ ಮೇಲೆ ಮನೆಯ ಅತಿ ಹಿರಿಯರನ್ನು ಒಮ್ಮೆ ಕೂರಿಸಿ ನೋಡಿದರೆ ಇದು ತಿಳಿಯುತ್ತದೆ. ತೀರ ತಗ್ಗಿ ಒಳಕ್ಕೆ ಹುದುಗುವ ಮೆತ್ತೆಯ ಆಸನ ಯುವಕರಿಗೆ ಸುಖ, ಮಂಡಿನೋವಿನವರಿಗೆ ಸೆರೆಮನೆ.

ಹಗುರವಾದ ಕುರ್ಚಿಗಳ ವಿಷಯದಲ್ಲಿ ನಮಗೆ ಪಕ್ಷಪಾತವುಂಟು. ವಿಯೆನ್ನಾದಲ್ಲಿ ಮೈಕೇಲ್ ಥೋನೆಟ್ ಎಂಬುವನು ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಮೆದುವಾಗಿಸಿ ಬಗ್ಗಿಸುವ ಉಪಾಯವನ್ನು ಸಿದ್ಧಪಡಿಸಿ, 1859ರಲ್ಲಿ ತನ್ನ 14ನೆಯ ಮಾದರಿಯ ಕುರ್ಚಿಯನ್ನು ಹೊರತಂದ. ಅದರಲ್ಲಿದ್ದದ್ದು ಮರದ 6 ತುಂಡು, 10 ತಿರುಪು, 2 ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. 1930ರ ವೇಳೆಗೆ ಅಂಥವು ಸುಮಾರು 5 ಕೋಟಿ ಮಾರಾಟವಾಗಿದ್ದವೆಂದು ಲೆಕ್ಕ. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಕುಳಿತವರು ಆ ವಂಶದ ಕುರ್ಚಿಯಲ್ಲಿ ಕುಳಿತೇ ಇರುತ್ತಾರೆ. ಇದನ್ನು ಹೇಳಿದ್ದು ಏತಕ್ಕೆಂದರೆ, ಬೆಲೆಯೂ ಭಾರವೂ ಕಡಿಮೆಯಾದ ವಸ್ತು ಅಂದಗೇಡಿಯಾಗಿರಬೇಕಾಗಿಲ್ಲ. ಒಂದು ಕೈಯಲ್ಲಿ ಎತ್ತಬಹುದಾದ ನಾಲ್ಕು ಕುರ್ಚಿಗಳಿದ್ದರೆ ಬೆಳಿಗ್ಗೆ ಕಿಟಕಿಯ ಬಳಿಗೂ ಸಂಜೆ ಅಂಗಳಕ್ಕೂ ಒಯ್ಯಬಹುದು. ಹಿಂದಿನವರು ಚಾಪೆಯೊಡನೆ ಮಾಡುತ್ತಿದ್ದದ್ದನ್ನು ನಾವು ಕುರ್ಚಿಯೊಡನೆ ಮಾಡಿದಂತಾಗುತ್ತದೆ.

ಜೋಡಿಸುವುದರಲ್ಲಿ ದೊಡ್ಡ ತಪ್ಪೆಂದರೆ ಎಲ್ಲವನ್ನೂ ಗೋಡೆಗೆ ತಳ್ಳುವುದು. ಹಾಗೆ ಮಾಡಿದರೆ ಕೋಣೆ ವಿಶಾಲವಾಗಿ ಕಾಣುವುದು ನಿಜ; ರೈಲು ನಿಲ್ದಾಣದ ಪ್ರಯಾಣಿಕರ ಕೋಣೆಯೂ ಹಾಗೆಯೇ ಕಾಣುತ್ತದೆ. ಕುಳಿತವರು ಎಂಟಡಿಗಿಂತ ದೂರವಾದರೆ ಮಾತು ಭಾಷಣವಾಗತೊಡಗುತ್ತದೆ. ಪಕ್ಕಪಕ್ಕದಲ್ಲಿ ಕುಳಿತರೆ ಕತ್ತು ತಿರುಗಿಸಬೇಕು. ಎದುರೆದುರು ಕುಳಿತರೆ ಪರೀಕ್ಷೆಯಂತಾಗುತ್ತದೆ. ಎರಡು ಆಸನಗಳು ಗೋಡೆಯ ಮೂಲೆಯಂತೆ ಕೋನವಾಗಿ ನಿಂತರೆ ಮುಖ ನೋಡಬೇಕೆನ್ನಿಸಿದಾಗ ನೋಡಬಹುದು, ಬೇಡವೆನ್ನಿಸಿದಾಗ ಕಿಟಕಿಯಾಚೆ ನೋಡಬಹುದು. ಬಹುಕಾಲದ ಸ್ನೇಹಿತರಿಗೆ ಈ ಎರಡನೆಯ ಸೌಕರ್ಯವೇ ಹೆಚ್ಚು ಬೇಕು. ದೂರದರ್ಶನದ ಪೆಟ್ಟಿಗೆ ಬಂದ ಮೇಲೆ ಎಷ್ಟೋ ಮನೆಗಳ ಹಜಾರ ಟೂರಿಂಗ್ ಟಾಕೀಸಾಗಿ, ಆಸನಗಳೆಲ್ಲ ಒಂದೇ ದಿಕ್ಕಿಗೆ ತಿರುಗಿವೆ. ಅದನ್ನು ಹೊರಗೆ ಹಾಕಿರೆಂದು ನಾವು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಪಕ್ಕದ ಗೋಡೆಗೆ ಅದನ್ನು ಸರಿಸಿ, ಎರಡು ಆಸನಗಳನ್ನಾದರೂ ಒಂದಕ್ಕೊಂದು ಮುಖ ತಿರುಗಿಸಿಡಬಹುದಲ್ಲ.

ಬೆಳಕಿನ ವಿಷಯಕ್ಕೆ ಬಂದರೆ, ಅಮೆರಿಕದ ಎಡ್ಗರ್ ಆಲನ್ ಪೋ ನೆನಪಾಗುತ್ತಾನೆ. ಭಯಂಕರ ಕಥೆಗಳಿಂದ ಹೆಸರಾದ ಈತನು 1840ರಲ್ಲಿ ಪೀಠೋಪಕರಣಗಳನ್ನು ಕುರಿತು ಒಂದು ಪ್ರಬಂಧವನ್ನೂ ಬರೆದಿದ್ದಾನೆ. ತನ್ನ ದೇಶದ ಶ್ರೀಮಂತರು ಬೆಲೆಯನ್ನೇ ಸೊಗಸೆಂದು ತಿಳಿದಿದ್ದಾರೆ, ಗಾಜು ಕನ್ನಡಿಗಳ ಥಳಥಳಿಕೆಯೂ ಅನಿಲದೀಪದ ಕೋರೈಸುವ ಬೆಳಕೂ ಅವರ ಕೋಣೆಗಳನ್ನು ಕೆಡಿಸಿವೆ ಎಂಬುದು ಅವನ ದೂರು. ಅನಿಲದೀಪ ಹೋಯಿತು, ದೂರು ಹೋಗಲಿಲ್ಲ. ಮಾಳಿಗೆಯ ನಡುವೆ ಒಂದೇ ಬಿಳಿಯ ಕೊಳವೆದೀಪವನ್ನು ಉರಿಸಿದರೆ ಮೂಲೆಯೂ ಮುಖವೂ ಒಂದೇ ಸಮನಾಗಿ ಚಪ್ಪಟೆಯಾಗುತ್ತವೆ. ಓದುವ ಕುರ್ಚಿಯ ಎಡಪಕ್ಕಕ್ಕೆ ಒಂದು ತಗ್ಗಿನ ದೀಪ, ಬಾಗಿಲ ಬಳಿ ಇನ್ನೊಂದು, ಇಷ್ಟಿದ್ದರೆ ಕೋಣೆಗೆ ಆಳ ಬರುತ್ತದೆ. ಹಗಲಿನಲ್ಲಿ ಬರೆಯುವ ಮೇಜನ್ನು ಕಿಟಕಿಗೆ ಎಡಗೈ ಬರುವಂತೆ ಇಡಬೇಕು, ಎಡಗೈಯಲ್ಲಿ ಬರೆಯುವವರು ಬಲಕ್ಕೆ. ಪಶ್ಚಿಮದ ಕಿಟಕಿಗೆ ಬೀಟೆಮರದ ವಸ್ತುವನ್ನು ಒಡ್ಡಿದರೆ ಬಿಸಿಲಿಗೆ ಅದರ ಬಣ್ಣ ಬಾಡುತ್ತದೆ.

ಮರದ ಆಯ್ಕೆಯನ್ನು ಬಡಗಿಗೆ ಬಿಡುವುದು ಮೇಲು. ಆದರೆ ಬಡಗಿಯೊಡನೆ ಮಾತನಾಡುವಷ್ಟನ್ನಾದರೂ ತಿಳಿದಿರಬೇಕು. ತೇಗಕ್ಕೆ ತನ್ನಲ್ಲಿರುವ ಎಣ್ಣೆಯ ಅಂಶದಿಂದ ಗೆದ್ದಲು ಬೇಗ ಹತ್ತುವುದಿಲ್ಲ. ಬೀಟೆ ಭಾರ, ಗಟ್ಟಿ, ಬೆಲೆಯೂ ಹಾಗೆಯೇ. ಹೊನ್ನೆ ಬಹುಕಾಲ ಬಾಳುತ್ತದೆ. ಹಲಸು ಹೊಸದರಲ್ಲಿ ಹಳದಿಯಾಗಿದ್ದು ವಯಸ್ಸಾದಂತೆ ಕೆಂಪುಗಂದಾಗುತ್ತದೆ. ಮನೆಯವರೊಡನೆ ಮುಪ್ಪಾಗುವ ಮರವೆಂದು ನಮಗೆ ಅದರಲ್ಲಿ ಪ್ರೀತಿ. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿದ ಹಲಗೆಗಳು ಅಗ್ಗವೇನೋ ಹೌದು; ಒಮ್ಮೆ ನೀರು ಕುಡಿದರೆ ಉಬ್ಬಿಹೋಗುತ್ತವೆ, ಬಿಚ್ಚಿ ಮತ್ತೆ ಜೋಡಿಸಿದರೆ ತಿರುಪು ನಿಲ್ಲುವುದಿಲ್ಲ. ಪದೇ ಪದೇ ಮನೆ ಬದಲಾಯಿಸುವ ಬಾಡಿಗೆದಾರರು ಇದನ್ನು ಯೋಚಿಸಬೇಕು. ಪುಸ್ತಕದ ಹಲಗೆ ಯಾವ ಮರದ್ದಾದರೂ ಮೂರಡಿಗಿಂತ ಉದ್ದವಾದರೆ ನಡುವೆ ಬಾಗುತ್ತದೆ.

ನಮ್ಮ ನಾಡಿನ ಕೈಗೆಲಸಗಳನ್ನು ಮನೆಯಲ್ಲಿಡಬೇಕೆಂಬುವರು ಈಗ ಅನೇಕರು. ಬಹಳ ಒಳ್ಳೆಯದು. ನವಲಗುಂದದ ಹೆಂಗಸರು ಮಗ್ಗದಲ್ಲಿ ನೇಯುವ ಜಮಖಾನ, ಕಲಘಟಗಿಯ ಬಣ್ಣದ ತೊಟ್ಟಿಲು, ಚನ್ನಪಟ್ಟಣದ ಅರಗಿನ ಕೆಲಸ, ಮೈಸೂರಿನ ಬೀಟೆಮರದ ಕೂಡಿಕೆಯ ಕೆಲಸ, ಇವು ಯಾವ ಹಜಾರಕ್ಕೂ ಶೋಭೆ. ಕೂಡಿಕೆಯ ಕೆಲಸಕ್ಕೆ ಹಿಂದೆ ಆನೆಯ ದಂತವನ್ನು ಬಳಸುತ್ತಿದ್ದರು. 1912ರಲ್ಲಿ ಮುಗಿದ ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ಅಂಥ ಬಾಗಿಲನ್ನು ನೋಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿಗೆ 1986ರಲ್ಲಿ ಆದ ತಿದ್ದುಪಡಿಯಿಂದ ನಮ್ಮ ದೇಶದ ದಂತದ ವ್ಯಾಪಾರ ನಿಂತಿತು. ಆದಕಾರಣ ಈಗ ಯಾರಾದರೂ ಹೊಸ ದಂತದ ಕೆಲಸವೆಂದು ಮಾರಲು ಬಂದರೆ ಅದು ಸುಳ್ಳು, ಇಲ್ಲವೆ ಅಪರಾಧ. ಆದರೆ ಹಳೆಯ ವಸ್ತುವನ್ನು ಬರಿಯ ನೋಟಕ್ಕಾಗಿ ಇಡುವುದು ನಮಗೆ ಅಷ್ಟು ಸೇರುವುದಿಲ್ಲ. ಒರಳುಕಲ್ಲಿನಲ್ಲಿ ಹೂ ತೇಲಿಸಿ ಬಾಗಿಲಲ್ಲಿಟ್ಟವರ ಮನೆಯಲ್ಲಿ ಒಮ್ಮೆ ಅದರ ಗುಂಡು ಎಲ್ಲಿಯೆಂದು ಕೇಳಿದೆವು, ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಹೊದಿಕೆಗಳನ್ನು ತುಂಬಿಡಿರಿ, ಅದರ ಮೇಲೆ ಕುಳಿತುಕೊಳ್ಳಿರಿ. ತೊಟ್ಟಿಲಲ್ಲಿ ಕೂಸಿಲ್ಲದಿದ್ದರೆ ಪುಸ್ತಕಗಳಾದರೂ ಮಲಗಲಿ. ಬಳಕೆಯಲ್ಲಿರುವ ವಸ್ತುವಿಗೆ ತಾನು ಪ್ರದರ್ಶನಕ್ಕೆ ನಿಂತಿರುವೆನೆಂಬ ನಾಚಿಕೆ ಇರುವುದಿಲ್ಲ.

ಬಣ್ಣಗಳ ವಿಷಯದಲ್ಲಿ ಹೆಚ್ಚು ಹೇಳಲಾರೆವು. ಅದರಲ್ಲಿ ನಮ್ಮ ಮಾತಿಗೆ ನಮ್ಮ ಮನೆಯಲ್ಲಿಯೇ ಬೆಲೆಯಿಲ್ಲ.

ನಮ್ಮ ಹಜಾರದ ಕಥೆ ಏನಾಯಿತೆಂದು ಕೇಳಬಹುದು. ದಪ್ಪ ಕುರ್ಚಿಗಳಲ್ಲಿ ಒಂದನ್ನು ಮಾರಿದೆವು. ಇನ್ನೊಂದು ನಮ್ಮ ಓದುವ ಕೋಣೆಗೆ ಹೋಯಿತು. ಟೀಪಾಯಿ ಮೂಲೆಗೆ ಸರಿಯಿತು. ಹಳೆಯ ಮನೆಯಿಂದ ಬಿಚ್ಚಿ ತಂದಿದ್ದ ಹೊನ್ನೆಮರದ ಬಾಗಿಲ ಹಲಗೆಗಳು ಸೂರಿನ ಕೆಳಗೆ ಬಿದ್ದಿದ್ದವು. ಬಡಗಿಯನ್ನು ಕರೆದು ಅವುಗಳಿಂದ 11 ಅಂಗುಲ ಎತ್ತರದ ಒಂದು ಅಗಲವಾದ ತಗ್ಗು ಮಂಚವನ್ನು ಮಾಡಿಸಿ, ಬೀದಿಬಾಗಿಲೂ ಅಡಿಗೆಮನೆಯೂ ಕಾಣುವಂತೆ ಪೂರ್ವದ ಕಿಟಕಿಯ ಕೆಳಗೆ ಹಾಕಿ ಜಮಖಾನವನ್ನು ಹಾಸಿದೆವು. ತಾಯಿಯವರು ನೋಡಿದರು, ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕಿಯ ಮೊರ ಹಿತ್ತಲಿನಿಂದ ಅಲ್ಲಿಗೆ ಬಂದಿತ್ತು. ಬಂದವರು ಸೋಫಾದ ಮೇಲೆ ಕುಳಿತರೆ ಅವರ ಮುಖ ತಾನಾಗಿಯೇ ತಾಯಿಯವರ ಕಡೆಗೆ ತಿರುಗುತ್ತಿತ್ತು. ನಮ್ಮನ್ನು ನೋಡಲು ಬಂದ ವಿದ್ಯಾರ್ಥಿಗಳು ಅವರೊಡನೆ ಮಾತನಾಡಿ ಹೊರಟುಹೋದದ್ದೂ ಉಂಟು. ಆರು ವರ್ಷ ಅವರು ಅಲ್ಲಿ ಕುಳಿತರು.

ಅವರು ಹೋದ ಮೇಲೆಯೂ ಆ ಮಂಚವನ್ನು ತೆಗೆಯಲು ನಮಗೆ ಮನಸ್ಸಾಗಲಿಲ್ಲ. ಈಗ ನಮ್ಮ ಮಗಳು ಅದರ ಮೇಲೆ ಪುಸ್ತಕಗಳನ್ನು ಹರಡಿಕೊಂಡು ಓದುತ್ತಾಳೆ. ಹೋದ ವಾರ ಕಾಲೇಜಿನಿಂದ ಬಂದು ನೋಡುವಾಗ, ಬೆಳಕು ಎಡಗಡೆಯಿಂದ ಬೀಳಲೆಂದು, ನಮ್ಮನ್ನು ಕೇಳದೆ ಅದನ್ನು ಒಂದು ಮೊಳ ಆಚೆಗೆ ಎಳೆದು ಹಾಕಿಕೊಂಡಿದ್ದಳು.